ದಾದಿಯ ಓದು: ವೆಚ್ಚವೆಷ್ಟು, ಫಲವೆಷ್ಟು?

ಪ್ರಶ್ನೆ: ಕ್ಯಾಲಿಫೋರ್ನಿಯದಲ್ಲಿ ನೆಲೆಸಿರುವ ನನ್ನ ತಂಗಿಯ ಮಗಳು ಅಲ್ಲಿಯ ಕಮ್ಯುನಿಟಿ ಕಾಲೇಜಿನಲ್ಲಿ ನರ್ಸಿಂಗ್ ಓದಬೇಕೆಂದಿದ್ದಾಳೆ. ಅಷ್ಟು ಅಗ್ಗದ ಓದಿಗೆ ಬೆಲೆಯುಂಟೆ?

ಉತ್ತರ: ಉಂಟು. ದಾದಿಯರ ಅಭಾವವನ್ನು ನೀಗುವ ಸಲುವಾಗಿ ಕೊಲಂಬಿಯ ವಿಶ್ವವಿದ್ಯಾನಿಲಯದ ಟೀಚರ್ಸ್ ಕಾಲೇಜಿನ ಮಿಲ್ಡ್ರೆಡ್ ಮಾಂಟಾಗ್ ಅವರು 1952ರಲ್ಲಿ ಪ್ರಯೋಗಾರ್ಥವಾಗಿ ಆರಂಭಿಸಿದ ಈ ಎರಡು ವರ್ಷಗಳ ಕ್ರಮದಲ್ಲಿ ಕಲಿತವರೂ, ನಾಲ್ಕು ವರ್ಷ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿದವರೂ ಕಟ್ಟಕಡೆಗೆ ಎನ್‌ಕ್ಲೆಕ್ಸ್ ಎಂಬ ಒಂದೇ ಪರೀಕ್ಷೆಗೆ ಕುಳಿತು ಒಂದೇ ಬಗೆಯ ಪರವಾನಗಿಯನ್ನು ಪಡೆಯುತ್ತಾರೆಂಬುದೇ ಇದಕ್ಕೆ ಪ್ರಮಾಣ. ಕೆಲವು ದೊಡ್ಡ ಆಸ್ಪತ್ರೆಗಳು ನಾಲ್ಕು ವರ್ಷದ ಪದವೀಧರರನ್ನೇ ಬಯಸುವುದೂ ಉಂಟೆನ್ನಿ.

ಆ ರಾಜ್ಯದ ನಿವಾಸಿಗಳಿಗೆ ಶುಲ್ಕವು ಪಾಠಗಳನ್ನು ಅಳೆಯುವ ಯೂನಿಟ್ಟೊಂದಕ್ಕೆ 46 ಡಾಲರ್. ಇಡೀ ಓದಿಗೆ 70 ಯೂನಿಟ್ಟೆಂದು ಎಣಿಸಿದರೆ 3,220 ಡಾಲರ್. ಇದರ ಮೇಲೆ ಪುಸ್ತಕ, ಸಮವಸ್ತ್ರ, ಪರೀಕ್ಷೆಯ 200 ಡಾಲರ್ ಬೇರೆ. ಅಂಗರಚನಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಮೊದಲಾದ ಪೂರ್ವಭಾವಿ ಪಾಠಗಳನ್ನು ಮುಗಿಸುವಷ್ಟರಲ್ಲಿ ಎರಡು ವರ್ಷವೆಂಬುದು ಮೂರಾಗುವುದು ಸಾಮಾನ್ಯ. ಆ ಕಾಲದಲ್ಲಿ ಕೈಬಿಟ್ಟ ಸಂಪಾದನೆಯೂ ವೆಚ್ಚವೇ.

ಫಲದ ಮಾತಿಗೆ ಬಂದರೆ, ಪ್ರಥಮ ಪ್ರಯತ್ನದಲ್ಲಿಯೇ ತೇರ್ಗಡೆಯಾದವರು ನೂರಕ್ಕೆ 75ಕ್ಕಿಂತ ಕಡಿಮೆಯಾಗಬಾರದೆಂದು ರಾಜ್ಯದ ನರ್ಸಿಂಗ್ ಮಂಡಲಿಯು ವಿಧಿಸಿ, ಪ್ರತಿ ಕಾಲೇಜಿನ ಅಂಕಿಯನ್ನು ಪ್ರಕಟಿಸುತ್ತದೆ. ಆದರೆ ಆ ಲೆಕ್ಕದಲ್ಲಿ ಪರೀಕ್ಷೆಗೆ ಕುಳಿತವರು ಮಾತ್ರ ಸೇರುವರೇ ಹೊರತು, ನಡುವೆ ಓದು ಬಿಟ್ಟವರು ಸೇರುವುದಿಲ್ಲ. ದಡ್ಡರನ್ನು ಪರೀಕ್ಷೆಗೆ ಕಳುಹಿಸದೆ ನೂರಕ್ಕೆ ನೂರು ಫಲಿತಾಂಶವೆಂದು ಫಲಕ ತೂಗುಹಾಕುವ ಶಾಲೆಗಳನ್ನು ನಾವೂ ಕಂಡಿಲ್ಲವೆ? ಸೇರಿದವರಲ್ಲಿ ಎಷ್ಟು ಮಂದಿ ಸಕಾಲದಲ್ಲಿ ಮುಗಿಸಿದರೆಂದು ತಮ್ಮ ತಂಗಿಯ ಮಗಳು ಮೊದಲು ಕೇಳಲಿ. ಅದಕ್ಕೆ ನೇರವಾಗಿ ಉತ್ತರಿಸದ ಕಾಲೇಜಿಗೆ ಅರ್ಜಿ ಹಾಕದಿರುವುದೇ ಲೇಸು.