ಸುರಪುರದ ಪಹಣಿಯೂ ಸಂದೇಶವಾಹಕ ತಂತ್ರಾಂಶವೂ

ಶಹಾಪುರ ತಾಲ್ಲೂಕಿನ ರೈತನೊಬ್ಬನು ತನ್ನ ತೊಗರಿಯನ್ನು ಬೆಂಬಲ ಬೆಲೆಗೆ ಮಾರಲೆಂದು ಖರೀದಿ ಕೇಂದ್ರಕ್ಕೆ ಹೋಗಿ, ಎಫ್‌ಐಡಿ ಎಂದು ಜನರು ಕರೆಯುವ ತನ್ನ ರೈತ ಗುರುತಿನ ಸಂಖ್ಯೆಯನ್ನು ಹೇಳಿದರೆ ಸಾಕು, ಅವನ ಹೊಲದ ವಿಸ್ತೀರ್ಣವೂ ಬ್ಯಾಂಕಿನ ಖಾತೆಯೂ ಅಲ್ಲಿಯ ಗಣಕದ ಪರದೆಯ ಮೇಲೆ ಬಂದು ನಿಲ್ಲುತ್ತವೆ. ಎಲ್ಲೋ ಒಂದು ಕಡೆ ತೊಡಕುಂಟಾದರೆ ಮಾತ್ರ ‘ಹೆಸರು ಮ್ಯಾಚ್ ಆಗ್ತಿಲ್ಲ’ ಎಂಬ, ಇಲ್ಲವೆ ಅದಕ್ಕಿಂತಲೂ ಚಿರಪರಿಚಿತವಾದ ‘ಸರ್ವರ್ ಡೌನ್’ ಎಂಬ ಮಾತು ಅವನ ಕಿವಿಗೆ ಬೀಳುತ್ತದೆ. ಆ ಕ್ಷಣದಲ್ಲಿ ತೆರೆಯ ಹಿಂದೆ ನಡೆಯುವುದಾದರೂ ಏನು, ಅದನ್ನು ನಡೆಯಿಸುವ ವಿದ್ಯೆಯನ್ನು ನಮ್ಮ ತರುಣ ಎಂಜಿನಿಯರರು ಎಲ್ಲಿ, ಹೇಗೆ ಕಲಿಯುತ್ತಾರೆ ಎಂಬುದು ವಿಚಾರಾರ್ಹವಾದ ವಿಷಯ.

ಕರ್ನಾಟಕದ ‘ಭೂಮಿ’ ಯೋಜನೆಯು ಈ ಶತಮಾನದ ಮೊದಲ ವರ್ಷಗಳಲ್ಲಿ, ಆಗಿನ್ನೂ ಗುಲಬರ್ಗಾ ಜಿಲ್ಲೆಗೆ ಸೇರಿದ್ದ ಯಾದಗಿರಿ, ಶಹಾಪುರ, ಸುರಪುರಗಳನ್ನೂ ಒಳಗೊಂಡಂತೆ ರಾಜ್ಯದ ತಾಲ್ಲೂಕು ಕಚೇರಿಗಳನ್ನು ವ್ಯಾಪಿಸಿ, ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿತು. ಅದರ ಹಿಂದೆಯೇ ಉಪನೋಂದಣಿ ಕಚೇರಿಗಳಿಗೆ ‘ಕಾವೇರಿ’ ಬಂದಿತು. ಖಜಾನೆಗೆ ಅದರದೇ ಆದ ವ್ಯವಸ್ಥೆಯಾಯಿತು. ಬಹುಕಾಲದ ಮೇಲೆ ರೈತರ ನೋಂದಣಿಗೆಂದು ‘ಫ್ರೂಟ್ಸ್’ ತಂತ್ರಾಂಶವು ಹುಟ್ಟಿತು. ಒಂದೊಂದನ್ನೂ ಒಂದೊಂದು ಕಾಲದಲ್ಲಿ, ಒಂದೊಂದು ಇಲಾಖೆಯು, ತನ್ನ ತನ್ನ ಅಗತ್ಯಕ್ಕೆ ತಕ್ಕಂತೆ ಕಟ್ಟಿಸಿಕೊಂಡುದರಿಂದ, ಒಂದರ ಮಾತು ಇನ್ನೊಂದಕ್ಕೆ ತಿಳಿಯದೆ, ಜಮೀನು ಕೊಂಡವನು ಕ್ರಯಪತ್ರವನ್ನು ನೋಂದಾಯಿಸಿದ ಮೇಲೆ ಮ್ಯುಟೇಶನ್ನಿಗಾಗಿ ಮತ್ತೆ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಬೇಕಾಗಿತ್ತು. ಕಾವೇರಿಯನ್ನು ಭೂಮಿಯೊಡನೆ ಜೋಡಿಸಿದ ಮೇಲೆ ನೋಂದಣಿಯ ಸಮಾಚಾರವು ತಾನಾಗಿಯೇ ಕಂದಾಯ ಇಲಾಖೆಯನ್ನು ಸೇರತೊಡಗಿತು.

ಹೀಗೆ ಎರಡನ್ನು ಜೋಡಿಸುವುದು ಸುಲಭ. ಹತ್ತನ್ನು ಒಂದಕ್ಕೊಂದು ನೇರವಾಗಿ ಜೋಡಿಸಹೊರಟರೆ 45 ಕೊಂಡಿಗಳು ಬೇಕು, ಇಪ್ಪತ್ತಾದರೆ 190. ಒಂದು ವ್ಯವಸ್ಥೆಯಲ್ಲಿ ಒಂದು ಅಂಕಣ ಬದಲಾದರೂ ಅದಕ್ಕೆ ತಗುಲಿದ ಕೊಂಡಿಗಳನ್ನೆಲ್ಲ ಬಿಚ್ಚಿ ಕಟ್ಟಬೇಕು. ಈ ಸಂಕಟದಿಂದ ಹುಟ್ಟಿದುದೇ ಎಂಟರ್‌ಪ್ರೈಸ್ ಸರ್ವಿಸ್ ಬಸ್, ಸಂಕ್ಷೇಪವಾಗಿ ಇಎಸ್‌ಬಿ. ನಿಜಾಮರ ಆಡಳಿತವಿದ್ದ ಕಾಲದಲ್ಲಿ, ಉರ್ದುವಿನಲ್ಲಿ ನಡೆಯುತ್ತಿದ್ದ ಕಚೇರಿಗೂ ಕನ್ನಡವಷ್ಟನ್ನೇ ಬಲ್ಲ ಒಕ್ಕಲಿಗೂ ನಡುವೆ ಕುಳಿತು, ಇವನ ಮಾತನ್ನು ಅವರ ಭಾಷೆಗೆ ತಿರುಗಿಸಿ, ತಕ್ಕ ಮೇಜಿಗೆ ಮುಟ್ಟಿಸುತ್ತಿದ್ದ ಅರ್ಜಿ ಬರೆಯುವವನ ಕೆಲಸವನ್ನೇ ಈ ತಂತ್ರಾಂಶವು ಮಾಡುತ್ತದೆ: ಎಲ್ಲ ವ್ಯವಸ್ಥೆಗಳೂ ಅದಕ್ಕೊಂದಕ್ಕೇ ಕೊಂಡಿ ಹಾಕಿಕೊಂಡರಾಯಿತು, ಸಂದೇಶವನ್ನು ಪಡೆಯುವುದು, ರೂಪಾಂತರಿಸುವುದು, ದಾರಿ ತೋರುವುದು, ತಲುಪಿತೋ ಇಲ್ಲವೋ ಎಂದು ನೋಡುವುದು ಅದರ ಹೊಣೆ.

ಈ ತಂತ್ರಾಂಶಗಳ ಇತಿಹಾಸವನ್ನು ಬಹಳ ಬೆಳೆಸಬೇಕಾದುದಿಲ್ಲ. ಇಎಸ್‌ಬಿ ಎಂಬ ಹೆಸರು 2002ರ ಸುಮಾರಿಗೆ ಬಳಕೆಗೆ ಬಂದಿತು. ಮರುವರ್ಷ ಗ್ರೆಗರ್ ಹೋಪೆ ಮತ್ತು ಬಾಬಿ ವುಲ್ಫ್ ಎಂಬಿಬ್ಬರು ಸಂದೇಶ ಸಾಗಣೆಯ 65 ಮಾದರಿಗಳನ್ನು ವಿವರಿಸಿ ಬರೆದ ಗ್ರಂಥವು ಇಂದಿಗೂ ಈ ಕ್ಷೇತ್ರದ ಮೂಲಪಾಠವಾಗಿದೆ. ಐಬಿಎಂ, ಟಿಬ್ಕೊ, ಒರೇಕಲ್ ಮೊದಲಾದ ಭಾರಿ ಸಂಸ್ಥೆಗಳ ಸರಕಲ್ಲದೆ, ಮ್ಯೂಲ್, ಅಪಾಚೆ ಕ್ಯಾಮೆಲ್, ಶ್ರೀಲಂಕೆಯಲ್ಲಿ 2005ರಲ್ಲಿ ಹುಟ್ಟಿದ ಡಬ್ಲ್ಯುಎಸ್‌ಓ2 ಮುಂತಾದ, ಮೂಲಸಂಕೇತವನ್ನು ಮುಕ್ತವಾಗಿ ತೆರೆದಿಟ್ಟ ತಂತ್ರಾಂಶಗಳೂ ಉಂಟು.

ಇವುಗಳ ಶಿಕ್ಷಣವು ಕಾಲೇಜುಗಳ ಪಠ್ಯದಲ್ಲಿ ಇಲ್ಲವೆಂಬಷ್ಟು ಸ್ವಲ್ಪವಾಗಿರುವುದರಿಂದ, ಬೆಂಗಳೂರಿನ ಕಂಪನಿಗಳು ತಮ್ಮ ನೌಕರರಿಗೆ ಮೂರು ದಿನಗಳ, ಐದು ದಿನಗಳ ಕಾರ್ಪೊರೇಟ್ ತರಬೇತಿಯನ್ನು ಏರ್ಪಡಿಸುತ್ತವೆ. ಬೆಳಗ್ಗೆ ಉಪನ್ಯಾಸ, ಮಧ್ಯಾಹ್ನ ‘ಹ್ಯಾಂಡ್ಸ್-ಆನ್’ ಎಂದು ಕರೆಯುವ ಪ್ರಯೋಗ. ಶಿಕ್ಷಾರ್ಥಿಯು ತಂತ್ರಾಂಶವನ್ನು ಸ್ಥಾಪಿಸಿ, ಒಂದು ‘ಫ್ಲೋ’ ಕಟ್ಟಿ, ಎಕ್ಸ್‌ಎಂಎಲ್ ರೂಪದಲ್ಲಿ ಬಂದುದನ್ನು ಜೇಸನ್ ರೂಪಕ್ಕೆ ತಿರುಗಿಸಿ, ದತ್ತಸಂಚಯಕ್ಕೆ ಬರೆದು, ‘ಸಕ್ಸೆಸ್’ ಎಂಬ ಹಸಿರು ಅಕ್ಷರಗಳನ್ನು ಕಂಡು ಸಂತುಷ್ಟನಾಗುತ್ತಾನೆ. ನನ್ನ ಆಕ್ಷೇಪಣೆಯಿರುವುದು ಇಲ್ಲಿಯೇ. ಗೆಲ್ಲಲೆಂದೇ ಹೊಂದಿಸಿಟ್ಟ ಪ್ರಯೋಗದಲ್ಲಿ ಗೆದ್ದವನು ಕೈಯಾರೆ ಮಾಡಿದನೆಂಬುದು ನಿಜವಾದರೂ, ಕಲಿತನೆಂದು ಹೇಳಲು ನನಗೆ ಮನಸ್ಸು ಬಾರದು.

ನಿಜವಾದ ಪಾಠಕ್ಕೆ ಪಹಣಿಗಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಾಣೆ. ಅದರಲ್ಲಿ 2.20 ಎಂದು ಬರೆದಿದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ ಎಂದರ್ಥ. ನಲವತ್ತು ಗುಂಟೆಗೆ ಒಂದು ಎಕರೆಯಾದುದರಿಂದ ಅದು ಎರಡೂವರೆ ಎಕರೆ. ಇದನ್ನರಿಯದ ಎಂಜಿನಿಯರನು ಆ ಚುಕ್ಕೆಯನ್ನು ದಶಮಾಂಶವೆಂದು ತಿಳಿದು ಸಂದೇಶವನ್ನು ಸಾಗಿಸಿದನೆಂದರೆ, ಯಂತ್ರವು ಯಾವ ದೋಷವನ್ನೂ ತೋರಿಸದೆ, ಹಸಿರು ದೀಪ ಉರಿಯುತ್ತಿರುವಂತೆಯೇ, ಆ ರೈತನ ಹನ್ನೆರಡು ಗುಂಟೆ ಜಮೀನು ಲೆಕ್ಕದಿಂದ ಮಾಯವಾಗುತ್ತದೆ; ಬೆಳೆ ಪರಿಹಾರವೂ ಖರೀದಿಯ ಮಿತಿಯೂ ಆ ಮಟ್ಟಿಗೆ ಕುಗ್ಗುತ್ತವೆ. ಅಂತೆಯೇ ಪಹಣಿಯಲ್ಲಿ ತಂದೆಯ ಹೆಸರಿನೊಡನೆ ಪೂರ್ತಿಯಾಗಿ ಬರೆದ ಹೆಸರು ಆಧಾರಿನಲ್ಲಿ ಒಂದು ಇಂಗ್ಲಿಷ್ ಅಕ್ಷರದ ಬಾಲದೊಡನೆ ನಿಂತಿರುತ್ತದೆ. ಇವೆರಡೂ ಒಬ್ಬನವೇ ಎಂದು ತೀರ್ಮಾನಿಸುವ ಅಧಿಕಾರ ಯಂತ್ರಕ್ಕೆ ಎಷ್ಟರಮಟ್ಟಿಗೆ ಇರಬೇಕು, ಯಾವಾಗ ಮನುಷ್ಯನ ಮುಂದಿಡಬೇಕು? ಇದು ಗುಂಡಿಯೊತ್ತಿ ಕಲಿಯುವ ವಿದ್ಯೆಯಲ್ಲ.

ಇನ್ನೊಂದು ಸಂದರ್ಭ. ಹಣ ಜಮೆ ಮಾಡೆಂಬ ಆದೇಶವು ಬ್ಯಾಂಕಿಗೆ ಹೋಯಿತು, ಉತ್ತರ ಬರುವುದರೊಳಗಾಗಿ ಸಂಪರ್ಕ ಕಡಿಯಿತು. ಆದೇಶ ತಲುಪಲಿಲ್ಲವೋ, ತಲುಪಿದರೂ ಉತ್ತರ ಮಾತ್ರ ದಾರಿಯಲ್ಲಿ ನಷ್ಟವಾಯಿತೋ ಕಳುಹಿಸಿದವನಿಗೆ ಗೊತ್ತಿಲ್ಲ. ಮತ್ತೆ ಕಳುಹಿಸಿದರೆ ಎರಡು ಬಾರಿ ಜಮೆಯಾದೀತು. ಸುಮ್ಮನಿದ್ದರೆ ಒಮ್ಮೆಯೂ ಆಗದೆ ಹೋದೀತು. ಆದುದರಿಂದ ಪ್ರತಿಯೊಂದು ಸಂದೇಶಕ್ಕೂ ಒಂದು ವಿಶಿಷ್ಟ ಸಂಖ್ಯೆಯನ್ನು ಕೊಟ್ಟು, ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಅದನ್ನು ಹೊಸ ಆದೇಶವೆಂದು ಗಣಿಸದಂತೆ ಏರ್ಪಾಟು ಮಾಡಬೇಕು. ಎಷ್ಟು ಯತ್ನಿಸಿದರೂ ಸಾಗದ ಸಂದೇಶವನ್ನು ಎಸೆಯದೆ, ‘ಡೆಡ್ ಲೆಟರ್ ಕ್ಯೂ’ ಎಂಬ ಪ್ರತ್ಯೇಕ ಸಾಲಿನಲ್ಲಿ ನಿಲ್ಲಿಸಿ, ದಿನವೂ ಒಬ್ಬರು ಅದನ್ನು ತೆರೆದು ನೋಡುವಂತಿರಬೇಕು. ಬಲ್ಲ ಶಿಕ್ಷಕನು ಪ್ರಯೋಗದ ಮಧ್ಯೆ ಹೇಳದೆ ಕೇಳದೆ ಜಾಲದ ತಂತಿಯನ್ನು ಕಿತ್ತುಬಿಡುತ್ತಾನೆ. ಆಗ ಹುಟ್ಟುವ ಗಾಬರಿಯಿಂದ ಒಂದು ಗಂಟೆಯಲ್ಲಿ ತಿಳಿಯುವಷ್ಟು ವಿಷಯವು ನೂರು ಸ್ಲೈಡುಗಳಿಂದಲೂ ತಿಳಿಯುವುದಿಲ್ಲ.

ಈ ವಿದ್ಯೆಗಾಗಿ ಸುಮಾರು ಐನೂರು ಕಿಲೋಮೀಟರು ದೂರದ ಬೆಂಗಳೂರಿಗೆ ಹೋಗಿ, ಬಾಡಿಗೆ ಕೋಣೆಯಲ್ಲಿದ್ದು, ಶುಲ್ಕ ತೆರುವುದು ಯಾದಗಿರಿ ಕಡೆಯ ಬಡ ಮನೆತನದ ಹುಡುಗರಿಗೆ ಸಾಮಾನ್ಯ ಹೊರೆಯಲ್ಲ. 2009ರ ಕೊನೆಯಲ್ಲಿ ಪ್ರತ್ಯೇಕ ಜಿಲ್ಲೆಯಾದ ಯಾದಗಿರಿಯು 2011ರ ಜನಗಣತಿಯಲ್ಲಿ ಸಾಕ್ಷರತೆಯಲ್ಲಿ ರಾಜ್ಯದ ಕಟ್ಟಕಡೆಯ ಸ್ಥಾನದಲ್ಲಿದ್ದಿತು. ಸಂವಿಧಾನದ 371ಜೆ ವಿಧಿಯು ಈ ಪ್ರದೇಶದವರಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲಾತಿಯನ್ನು ಕೊಟ್ಟಿದೆಯಾದರೂ, ಖಾಸಗಿ ಕಂಪನಿಯ ಸಂದರ್ಶನದಲ್ಲಿ ಅದರ ನೆರವು ಒದಗುವುದಿಲ್ಲ. ಆದರೆ ಸುರಪುರದ ಬಳಿ ಹಸನಾಪುರದಲ್ಲಿ ಎಂಜಿನಿಯರಿಂಗ್ ಕಾಲೇಜೊಂದುಂಟು, ಶಹಾಪುರದ ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜುಂಟು. ಮುಕ್ತ ತಂತ್ರಾಂಶಗಳಿಗೆ ಬೆಲೆಯಿಲ್ಲ, ಅವು ಸಾಮಾನ್ಯ ಲ್ಯಾಪ್‌ಟಾಪಿನಲ್ಲಿಯೂ ನಡೆಯುತ್ತವೆ. ಎಕರೆ-ಗುಂಟೆಯ ಮರ್ಮವನ್ನು ಮನೆಯಲ್ಲಿಯೇ ಬಲ್ಲ ಈ ವಿದ್ಯಾರ್ಥಿಗಳು, ಕಲ್ಪಿತ ಪಹಣಿ, ಕಲ್ಪಿತ ಬ್ಯಾಂಕು, ಕಲ್ಪಿತ ಖರೀದಿ ಕೇಂದ್ರಗಳನ್ನು ತಾವೇ ರಚಿಸಿಕೊಂಡು ಜೋಡಿಸಿ ಅಭ್ಯಾಸ ಮಾಡುವುದಕ್ಕೆ ಅಧ್ಯಾಪಕರ ಮನಸ್ಸೊಂದರ ಹೊರತು ಬೇರೆ ದೊಡ್ಡ ಸಾಮಗ್ರಿಯೇನೂ ಬೇಕಾಗಿಲ್ಲ.

ಹಾಗಿದ್ದೂ ಬೆಂಗಳೂರಿಗೆ ಹೋಗಿ ಹಣ ತೆತ್ತೇ ಕಲಿಯುವೆನೆನ್ನುವ ತರುಣರು, ಶುಲ್ಕ ಕಟ್ಟುವುದಕ್ಕೆ ಮೊದಲು, ಸಂದೇಶ ತಲುಪದೆ ಹೋದಾಗ ಮಾಡತಕ್ಕ ಕೆಲಸಕ್ಕೆ ಒಂದು ಪೂರ್ಣ ದಿನವನ್ನು ಮೀಸಲಿಟ್ಟಿದ್ದೀರಾ ಎಂದು ಶಿಕ್ಷಕರನ್ನು ಕೇಳಲಿ. ಇಲ್ಲವೆಂಬ ಉತ್ತರ ಬಂದರೆ ಆ ಹಣವನ್ನು ಉಳಿಸಿಕೊಳ್ಳಲಿ.