ಪಾಳಿ ಮುಗಿದ ಮೇಲಿನ ದುಡಿಮೆ

ಅತ್ತಿಬೆಲೆಯ ಗಡಿಯನ್ನು ದಾಟಿ ಜೂಜುವಾಡಿಯ ಮೂಲಕ ಹೊಸೂರನ್ನು ಪ್ರವೇಶಿಸುವವನಿಗೆ ಹೆದ್ದಾರಿಯ ಇಕ್ಕೆಲಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಬೃಹತ್ ಕಾರ್ಖಾನೆಗಳ ಆವರಣಗಳೇ ಆದರೂ, ಈ ಊರಿನ ಉದ್ಯಮಜೀವನದ ನಿಜವಾದ ಸ್ವಾರಸ್ಯವಿರುವುದು ಆ ಆವರಣಗಳಿಂದ ತುಸು ದೂರದ ಓಣಿಗಳಲ್ಲಿ, ತಗಡಿನ ಮಾಡಿನ ಬಾಡಿಗೆ ಶೆಡ್ಡುಗಳಲ್ಲಿ, ಮೊದಲ ಪಾಳಿ ಬಿಟ್ಟ ಅನಂತರ ತಿರುಗತೊಡಗುವ ಒಂದೆರಡು ಲೇತ್ ಯಂತ್ರಗಳಲ್ಲಿ ಎಂಬುದು ನನ್ನ ಬಹುಕಾಲದ ನಂಬಿಕೆ. ಹಗಲು ಇನ್ನೊಬ್ಬರ ಕಾರ್ಖಾನೆಯಲ್ಲಿ ಸಂಬಳಕ್ಕೆ ದುಡಿದು, ಉಳಿದ ಹೊತ್ತಿನಲ್ಲಿ ತನ್ನದೆಂಬ ಉದ್ಯಮವೊಂದನ್ನು ಕಟ್ಟಲು ಹೊರಟವರ ಸಾಹಸ ಅದು. ಪತ್ರಿಕೆಗಳಲ್ಲಿ ಅಂಥವರ ಹೆಸರು ಬರುವುದು ವಿರಳ. ಆದರೆ ಅವರನ್ನು ಬಿಟ್ಟು ಹೊಸೂರನ್ನು ಅರಿಯುವುದು ಅಶಕ್ಯ.

ಈ ಸೀಮೆಗೆ ಕೈಗಾರಿಕೆ ಬಂದುದು ಬಹಳ ಹಿಂದೇನೂ ಅಲ್ಲ. 1965ರವರೆಗೆ ಸೇಲಂ ಜಿಲ್ಲೆಗೂ, ಬಳಿಕ ಧರ್ಮಪುರಿಗೂ, 2004ರಿಂದೀಚೆಗೆ ಕೃಷ್ಣಗಿರಿಗೂ ಸೇರಿದ ಹೊಸೂರು, ಡೆಂಕಣಿಕೋಟೆ, ತಳಿಗಳ ನೆಲ ರಾಗಿ, ಹುರುಳಿ, ಅವರೆಗಳ ನೆಲವಾಗಿತ್ತು. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಕೇಳಿಬರುವ ನೆಲವಾಗಿತ್ತು, ಇಂದಿಗೂ ಆಗಿದೆ. 1971ರಲ್ಲಿ ಸ್ಥಾಪಿತವಾದ ಸಿಪ್‌ಕಾಟ್ ಸಂಸ್ಥೆ ಇಲ್ಲಿ ಕೈಗಾರಿಕಾ ಪ್ರದೇಶವನ್ನು ನಿರ್ಮಿಸಿದುದೂ, 1980ರಲ್ಲಿ ಇಲ್ಲಿಂದಲೇ ಟಿ.ವಿ.ಎಸ್. 50 ಮೊಪೆಡ್ ಹೊರಬಂದುದೂ, ಅದೇ ವರ್ಷ ಅಶೋಕ್ ಲೇಲ್ಯಾಂಡ್ ನೆಲೆಯೂರಿದುದೂ, ಟಾಟಾ ಸಮೂಹವೂ ತಮಿಳುನಾಡು ಸರ್ಕಾರದ ಟಿಡ್ಕೋ ಸಂಸ್ಥೆಯೂ ಕೂಡಿ 1984ರಲ್ಲಿ ಆರಂಭಿಸಿದ ಟೈಟನ್ ಇಲ್ಲಿಯೇ ಕೈಗಡಿಯಾರ ತಯಾರಿಸತೊಡಗಿದುದೂ ಒಂದೇ ತಲೆಮಾರಿನ ಕಣ್ಣೆದುರು ನಡೆದವು. ಹೊಲದಲ್ಲಿ ಮಳೆಯನ್ನು ನೆಚ್ಚಿ ಬಾಳಿದ ಮನೆತನದ ಹುಡುಗ ಐ.ಟಿ.ಐ. ಮುಗಿಸಿ, ಕೂದಲೆಳೆಗಿಂತ ಸೂಕ್ಷ್ಮವಾದ ಅಳತೆಯನ್ನು ಕೈಬೆರಳಿನಿಂದಲೇ ಗುರುತಿಸುವಂತಾದ. ಯಂತ್ರಗಳು ಕಾರ್ಖಾನೆಯ ಆಸ್ತಿ. ಈ ಕೈಚಳಕ ಮಾತ್ರ ಅವನೊಡನೆ ಪ್ರತಿದಿನ ಮನೆಗೆ ಬರುತ್ತಿತ್ತು. ಅದೇ ಅವನ ಮೊದಲ ಬಂಡವಾಳ.

ಇಂಥ ಒಂದು ಶೆಡ್ಡಿನ ಒಳಗನ್ನು ನೋಡಬೇಕು. ಹರಾಜಿನಲ್ಲಿ ಕೊಂಡ ಹಳೆಯ ಲೇತ್ ಒಂದು. ಅದರ ಬದಿಯಲ್ಲಿ ಡ್ರಿಲ್ಲಿಂಗ್ ಯಂತ್ರ. ಗೋಡೆಗೆ ಅಂಟಿಸಿದ ಎಣ್ಣೆಗೈ ಗುರುತಿನ ಡ್ರಾಯಿಂಗು. ಮುಚ್ಚಳ ಬಿಗಿದ ಮರದ ಪೆಟ್ಟಿಗೆಯಲ್ಲಿ, ಮಿಕ್ಕೆಲ್ಲವುಗಳಿಗಿಂತ ಜತನದಿಂದ ಇರಿಸಿದ ಮೈಕ್ರೋಮೀಟರು. ಉಕ್ಕಿನ ಸಲಾಕೆ ತಿರುಗುತ್ತಿರುವಾಗ ಟೂಲಿನ ಮೊನೆಯಿಂದ ನೀಲಿಗೆಂಪಿನ ಸುರುಳಿಗಳು ಕಳಚಿ ಬೀಳುತ್ತವೆ, ಕೂಲಂಟಿನ ಹುಳಿವಾಸನೆ ಹರಡುತ್ತದೆ. ಶೆಡ್ಡಿನ ಯಜಮಾನ ಬುಷ್ಷೊಂದನ್ನು ಬಿಡಿಸಿ, ಒರೆಸಿ, ಅಳೆದು, ಬೆಳಕಿಗೆ ಹಿಡಿದು ನೋಡಿ, ಮತ್ತೊಮ್ಮೆ ಅಳೆದು ತಟ್ಟೆಯಲ್ಲಿ ಇಡುತ್ತಾನೆ. ಎಂಟು ಗಂಟೆ ಇದೇ ಕೆಲಸವನ್ನು ಮಾಡಿ ಬಂದವನು ಎರಡನೆಯ ಸಲ ಏಕೆ ಅಳೆಯುತ್ತಾನೆ? ಅಲ್ಲಿ ಒಂದು ತುಂಡು ಕೆಟ್ಟರೆ ಕಾರ್ಖಾನೆಯ ಲೆಕ್ಕದಲ್ಲಿ ಒಂದು ತುಂಡು. ಇಲ್ಲಿ ಲಾಟು ರಿಜೆಕ್ಟ್ ಆದರೆ ಆ ತಿಂಗಳ ಬಾಡಿಗೆಯೇ ಹೋಯಿತು.

ನೌಕರಿಯನ್ನು ಬಿಟ್ಟು ಧುಮುಕದವನಲ್ಲಿ ಧೈರ್ಯ ಸಾಲದೆಂಬ ಮಾತನ್ನು ಈಗೀಗ ಬಹಳ ಕೇಳುತ್ತೇವೆ. ನನಗೆ ಅದು ಒಪ್ಪಿಗೆಯಾಗದು. ತಿಂಗಳ ಮೊದಲಲ್ಲಿ ಬರುವ ಸಂಬಳ, ಬಡ್ಡಿಯನ್ನು ಕೇಳದ, ಪಾಲನ್ನು ಬೇಡದ ಏಕಮಾತ್ರ ಬಂಡವಾಳ. ಅದಕ್ಕಿಂತಲೂ ಮಿಗಿಲಾಗಿ, ಅದು ಕಿರು ಉದ್ಯಮಿಗೆ ಇಲ್ಲ ಎನ್ನುವ ಶಕ್ತಿಯನ್ನು ಕೊಡುತ್ತದೆ. ನಷ್ಟದ ದರಕ್ಕೆ ಆರ್ಡರು ಹಿಡಿದು ಬಂದವನನ್ನು ಹಿಂದಕ್ಕೆ ಕಳಿಸಬಲ್ಲವನು, ನಾಳೆಯ ಅಕ್ಕಿಗೆ ಆ ಆರ್ಡರನ್ನೇ ನೆಚ್ಚಿಕೊಳ್ಳದವನು ಮಾತ್ರ. ಗುಜರಾತಿನ ಕರ್ಸನ್‌ಭಾಯಿ ಪಟೇಲರು ರಾಜ್ಯ ಸರ್ಕಾರದ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ರಸಾಯನ ಪರೀಕ್ಷೆಯ ಕೆಲಸದಲ್ಲಿದ್ದುಕೊಂಡೇ 1969ರಲ್ಲಿ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಪುಡಿಯನ್ನು ತಯಾರಿಸಿ, ಸೈಕಲ್ಲಿನಲ್ಲಿ ಮನೆಮನೆಗೆ ಒಯ್ದು ಮಾರಿದರು. ನಿರ್ಮಾ ಎಂಬ ಹೆಸರು ನೆಲೆನಿಂತ ಮೇಲೆಯೇ ನೌಕರಿಯನ್ನು ಬಿಟ್ಟರು. 1976ರಲ್ಲಿ ಆಪಲ್ ಸಂಸ್ಥೆ ಹುಟ್ಟಿದಾಗ ಅದರ ಯಂತ್ರವನ್ನು ರೂಪಿಸಿದ ಸ್ಟೀವ್ ವೋಜ್ನಿಯಾಕ್ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ನೌಕರರಾಗಿದ್ದರು. ತಮ್ಮ ವಿನ್ಯಾಸವನ್ನು ಮೊದಲು ಆ ಕಂಪನಿಯ ಮುಂದೆಯೇ ಇರಿಸಿ, ಅದು ಬೇಡವೆಂದ ಬಳಿಕವೇ ಮುಂದುವರಿದರು.

ಈ ಎರಡನೆಯ ನಿದರ್ಶನವನ್ನು ನಾನು ಬೇಕೆಂದೇ ತಂದಿದ್ದೇನೆ, ಏಕೆಂದರೆ ಅನ್ನವಿಟ್ಟ ಸಂಸ್ಥೆಯೊಡನೆ ಪ್ರಾಮಾಣಿಕವಾಗಿ ನಡೆದುಕೊಳ್ಳುವುದು ಇಲ್ಲಿಯ ಅತ್ಯಂತ ಸೂಕ್ಷ್ಮವಾದ ವಿಷಯ. ಕಾರ್ಖಾನೆಯ ಡ್ರಾಯಿಂಗನ್ನು ಹೊರಗೆ ಒಯ್ಯುವುದಾಗಲಿ, ತಾನೇ ಖರೀದಿ ವಿಭಾಗದಲ್ಲಿದ್ದು ತನ್ನ ಹೆಂಡತಿಯ ಹೆಸರಿನ ಶೆಡ್ಡಿಗೆ ಆರ್ಡರು ಕೊಡಿಸುವುದಾಗಲಿ ಉದ್ಯಮಶೀಲತೆಯಲ್ಲ, ದ್ರೋಹ. ನೇಮಕಪತ್ರದ ಷರತ್ತುಗಳನ್ನು ಓದದೆ ಮೊದಲ ಯಂತ್ರವನ್ನು ಕೊಳ್ಳಬಾರದು. ಸರ್ಕಾರಿ ನೌಕರನಿಗಂತೂ ಅನುಮತಿಯಿಲ್ಲದೆ ಖಾಸಗಿ ವ್ಯಾಪಾರ ನಡತೆ ನಿಯಮಗಳಲ್ಲಿಯೇ ನಿಷಿದ್ಧ. 1948ರ ಕಾರ್ಖಾನೆ ಕಾಯಿದೆಯು ವಾರಕ್ಕೆ 48 ಗಂಟೆಗಳ ಮಿತಿಯನ್ನು ಹಾಕಿದುದಲ್ಲದೆ, ತನ್ನ 60ನೆಯ ಪ್ರಕರಣದಲ್ಲಿ ಒಂದೇ ದಿನ ಎರಡು ಕಾರ್ಖಾನೆಗಳಲ್ಲಿ ದುಡಿಸಿಕೊಳ್ಳುವುದನ್ನು ಸಾಮಾನ್ಯವಾಗಿ ತಡೆಯಿತು. ನಾಲ್ಕಾರು ಮಂದಿಯ ಸ್ವಂತ ಶೆಡ್ಡು ಆ ಕಾಯಿದೆಯ ಅರ್ಥದಲ್ಲಿ ಸಾಮಾನ್ಯವಾಗಿ ಕಾರ್ಖಾನೆಯೆನಿಸದಿದ್ದರೂ, ದಣಿದ ಕೈ ಪ್ರೆಸ್ಸಿನ ಕೆಳಗೆ ಹೋಗಬಾರದೆಂಬ ಆ ನಿಯಮದ ಕಳಕಳಿ ಅಲ್ಲಿಗೂ ಅನ್ವಯಿಸುವಂಥದು. ರಾತ್ರಿ ಪಾಳಿ ಮುಗಿಸಿ ನಿದ್ರಿಸದೆ ಯಂತ್ರದ ಮುಂದೆ ನಿಲ್ಲುವುದನ್ನು ಶ್ರಮವೆಂದು ಹೊಗಳುವವರನ್ನು ಕಂಡರೆ ನನಗೆ ಭಯವಾಗುತ್ತದೆ.

ಗಡಿಯ ಊರಿಗೆ ಅದರದೇ ಆದ ಒಂದು ತೊಡಕುಂಟು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿಯನ್ನು ಮೀರುವವರೆಗೆ ಜಿ.ಎಸ್.ಟಿ. ನೋಂದಣಿ ಸಾಮಾನ್ಯವಾಗಿ ಬೇಕಿಲ್ಲವೆಂದು ಕೇಳಿ ನಿಶ್ಚಿಂತನಾದ ಹೊಸೂರಿನವನು, ಗಡಿಯಾಚೆಯ ಬೊಮ್ಮಸಂದ್ರಕ್ಕೋ ಜಿಗಣಿಗೋ ತನ್ನ ಮೊದಲ ಪೆಟ್ಟಿಗೆ ಸರಕನ್ನು ಮಾರಿದೊಡನೆ ಆ ವಿನಾಯಿತಿಯಿಂದ ಹೊರಬೀಳುತ್ತಾನೆ; ರಾಜ್ಯದ ಗಡಿಯನ್ನು ದಾಟುವ ತೆರಿಗೆಯುಳ್ಳ ಸರಕಿಗೆ ನೋಂದಣಿ ಮೊದಲ ರೂಪಾಯಿಯಿಂದಲೇ ಕಡ್ಡಾಯ. ಆದರೆ ಗಿರಾಕಿಯೇ ಕಳಿಸಿದ ಕಚ್ಚಾಸಾಮಗ್ರಿಯನ್ನು ಕಡೆದು ಹಿಂದಿರುಗಿಸುವ ಜಾಬ್ ವರ್ಕು ಸರಕಿನ ಮಾರಾಟವಲ್ಲ, ಸೇವೆ. ಸೇವೆ ಗಡಿಯನ್ನು ದಾಟಿದರೂ 20 ಲಕ್ಷದವರೆಗೆ ರಿಯಾಯಿತಿಯುಂಟು. ಹೊಸೂರಿನ ಸಂಬಳಗಾರನಿಗೆ ಜಾಬ್ ವರ್ಕೇ ಸುಗಮವಾದ ಆರಂಭವೆನ್ನಲು ಇದೂ ಒಂದು ಕಾರಣ. ಉಕ್ಕಿಗೆ ಹಣ ಹೂಡಬೇಕಾಗಿಲ್ಲ ಎಂಬುದು ಇನ್ನೊಂದು.

ಎಲ್ಲರ ಉದ್ಯಮವೂ ಕಬ್ಬಿಣದ್ದೇ ಆಗಬೇಕಿಲ್ಲ. ತಂಪಾದ ಈ ಎತ್ತರದ ನೆಲ ಗುಲಾಬಿಗೆ ಒಲಿದಿದೆ; ಪಾಲಿಹೌಸುಗಳಲ್ಲಿ ಬೆಳೆದ ತಾಜಮಹಲ್ ತಳಿಯ ಕೆಂಗುಲಾಬಿ ಫೆಬ್ರವರಿಯ ಮೊದಲ ವಾರಗಳಲ್ಲಿ ವಿದೇಶಗಳಿಗೆ ಹಾರುತ್ತದೆ. ಆದರೆ ಕಬ್ಬಿಣ ಸಂಜೆಯವರೆಗೆ ಕಾಯುತ್ತದೆ, ಹೂ ಕಾಯದು. ಬೆಳಗಿನ ತಂಪಿನಲ್ಲಿ, ಮೊಗ್ಗು ಬಿರಿಯುವ ಮೊದಲೇ ಕತ್ತರಿಸಿ, ನೀರಿನಲ್ಲಿ ನಿಲ್ಲಿಸಿ, ಉದ್ದಕ್ಕೆ ತಕ್ಕಂತೆ ವಿಂಗಡಿಸಿ, ಇಪ್ಪತ್ತು ಇಪ್ಪತ್ತಾಗಿ ಕಟ್ಟಬೇಕಾದ ಹೊತ್ತಿಗೆ ಗಂಡ ಮೊದಲ ಪಾಳಿಗೆ ಕಂಪನಿಯ ಬಸ್ಸು ಹತ್ತಿರುತ್ತಾನೆ. ಹಾಗಾದರೆ ಆ ತೋಟವನ್ನು ನಡೆಸುತ್ತಿರುವವರು ಯಾರು? ನೌಕರಿಯೊಡನೆ ಉದ್ಯಮ ನಡೆಸಿದವರ ವೃತ್ತಾಂತಗಳಲ್ಲಿ ಹೆಂಗಸರು ಸಹಕರಿಸಿದರು ಎಂಬ ಒಂದೇ ಕ್ರಿಯಾಪದದಲ್ಲಿ ಮುಗಿದುಹೋಗುವುದು ಘೋರ ಅನ್ಯಾಯ. ಆಳುಗಳಿಗೆ ಕೂಲಿ ಎಣಿಸಿದವರು, ಬಾಕಿಗಾಗಿ ಫೋನು ಮಾಡಿದವರು, ಲಾರಿಯವನೊಡನೆ ತಮಿಳಿನಲ್ಲಿ ವಾದಿಸಿ ಗಿರಾಕಿಯೊಡನೆ ಕನ್ನಡದಲ್ಲಿ ಸಮಾಧಾನದ ಮಾತಾಡಿದವರು ಅವರು. ತೊಂಬತ್ತರ ದಶಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯ ನೆರವಿನಿಂದ ಇಲ್ಲಿಯ ಹಳ್ಳಿಯ ಹೆಂಗಸರು ಮೆಡೋ ಎಂಬ ಸ್ವಂತ ಸಂಸ್ಥೆಯನ್ನು ಕಟ್ಟಿ, ಟೈಟನ್ ಕೈಗಡಿಯಾರದ ಪಟ್ಟಿಗಳನ್ನು ಜೋಡಿಸುವ ಕೆಲಸವನ್ನು ವಹಿಸಿಕೊಂಡುದು, ಅವರು ಯಜಮಾನಿಕೆಗೂ ಸಮರ್ಥರೆಂಬುದಕ್ಕೆ ಸಾಕ್ಷಿ. ಶೆಡ್ಡು ಹೆಂಡತಿಯ ಹೆಸರಿನಲ್ಲಿದ್ದರೆ, ಬ್ಯಾಂಕಿನ ಚೆಕ್ಕಿನಲ್ಲಿ ಮಾತ್ರವಲ್ಲದೆ ಲಾಭದಲ್ಲಿಯೂ ತೀರ್ಮಾನದಲ್ಲಿಯೂ ಆಕೆಯ ಹೆಸರಿರಬೇಕು.

ಸಣ್ಣ ಉದ್ಯಮಗಳು ಸೊರಗುವುದು ಎಷ್ಟೋ ವೇಳೆ ನಷ್ಟದಿಂದಲ್ಲ, ಬಾಕಿಯಿಂದ. 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆಯ ಪ್ರಕಾರ ನೋಂದಾಯಿತ ಕಿರು ಮತ್ತು ಸಣ್ಣ ಉದ್ಯಮದಿಂದ ಕೊಂಡ ಸರಕಿಗೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಸಲ್ಲಬೇಕು, ತಪ್ಪಿದರೆ ಬಡ್ಡಿಯೂ ಸೇರಬೇಕು. ದೊಡ್ಡ ಗಿರಾಕಿಯನ್ನು ಕಳೆದುಕೊಳ್ಳುವ ಭೀತಿಯಿಂದ ಆ ಹಕ್ಕನ್ನು ಬಾಯಿಬಿಟ್ಟು ಕೇಳುವವರು ಕಡಮೆ. ಸಂಬಳ ನಿಂತ ದಿನದಿಂದ ಈ ಕಾಯುವಿಕೆಯ ಭಾರವೆಲ್ಲ ಮನೆಯ ಮೇಲೆಯೇ ಬೀಳುತ್ತದಾದುದರಿಂದ, ನೌಕರಿ ಬಿಡುವ ದಿನವನ್ನು ಆರ್ಡರುಗಳ ಸಂಖ್ಯೆಯಿಂದಲ್ಲ, ಹಣ ನಿಯತವಾಗಿ ಕೈಸೇರುವುದರಿಂದ ನಿರ್ಣಯಿಸತಕ್ಕದ್ದು. ಒಬ್ಬನೇ ಗಿರಾಕಿಯನ್ನು ನೆಚ್ಚಿ ರಾಜೀನಾಮೆ ಕೊಡತಕ್ಕದ್ದಲ್ಲ.

ಸಣ್ಣ ಉದ್ಯಮಗಳ ಉದ್ಯಂ ನೋಂದಣಿಯನ್ನು 2020ರಿಂದ ಶುಲ್ಕವಿಲ್ಲದೆ ಮೊಬೈಲಿನಲ್ಲೇ ಮಾಡಿಕೊಳ್ಳಬಹುದಾಗಿದೆ, ಅದು ಒಳ್ಳೆಯದಾಯಿತು. ಆದರೆ ಸಾಲದ ಅರ್ಜಿಗೆ ಬ್ಯಾಂಕು, ಸಬ್ಸಿಡಿಗೆ ಜಿಲ್ಲಾ ಕೈಗಾರಿಕಾ ಕೇಂದ್ರ, ತ್ರೀ ಫೇಸ್ ಸಂಪರ್ಕಕ್ಕೆ ವಿದ್ಯುತ್ ಮಂಡಳಿಯ ಕಚೇರಿ, ಇವೆಲ್ಲ ತೆರೆದಿರುವ ಹೊತ್ತು ಹಗಲು ಪಾಳಿಯವನು ಗೇಟಿನ ಒಳಗಿರುವ ಹೊತ್ತು. ಪ್ರತಿಯೊಂದು ಸಹಿಗೂ ಅವನು ಒಂದು ರಜೆಯನ್ನು ತೆರಬೇಕು, ಹೊಸೂರಿನವನು ಜಿಲ್ಲಾ ಕೇಂದ್ರದ ಕೆಲಸಕ್ಕೆ ಕೃಷ್ಣಗಿರಿಯವರೆಗೆ ಪ್ರಯಾಣವನ್ನೂ ಮಾಡಬೇಕು. ವಾರಕ್ಕೊಂದು ಸಂಜೆ, ಸಿಪ್‌ಕಾಟಿನ ಸಮೀಪದಲ್ಲೇ ಈ ಮೂರು ಕಚೇರಿಗಳ ಅಧಿಕಾರಿಗಳು ಒಂದೇ ಸೂರಿನಡಿ ಎಂಟು ಗಂಟೆಯವರೆಗೆ ಕುಳಿತು, ತಮಿಳಿನೊಡನೆ ಕನ್ನಡ, ತೆಲುಗುಗಳಲ್ಲಿಯೂ ಅರ್ಜಿಯನ್ನು ವಿವರಿಸುವ ಏರ್ಪಾಡನ್ನು ಜಿಲ್ಲಾಡಳಿತ ಮಾಡಬೇಕು. ಅದಕ್ಕೆ ಹೊಸ ಕಾನೂನೇನೂ ಬೇಕಿಲ್ಲ, ಮೂರು ಮೇಜುಗಳೂ ಒಂದು ಆದೇಶವೂ ಸಾಕು.