ಯಾವ ದೇಶದವರು, ಎಲ್ಲಿ ಜೇಬು ಬಿಚ್ಚುತ್ತಾರೆ!

ಹಂಪಿಯ ವಿಜಯ ವಿಠ್ಠಲ ಗುಡಿಯ ಟಿಕೆಟ್ ಕಿಟಕಿಯ ದರಪಟ್ಟಿಯನ್ನು ಒಮ್ಮೆ ಪೂರ್ತಿ ಓದಿ. ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600! ಅದೂ ಎಲ್ಲ ವಿದೇಶಿಯರಿಗಲ್ಲ. ನೇಪಾಳ, ಶ್ರೀಲಂಕಾ, ಬಾಂಗ್ಲಾದೇಶದವರಿಗೆ, ಅಷ್ಟೇ ಏಕೆ, ಥಾಯ್ಲೆಂಡಿನವರಿಗೂ ನಮ್ಮ 40 ರೂಪಾಯಿಯೇ. ಕಲ್ಲಿನ ರಥ ಒಂದೇ, ಬೆಲೆ ಮಾತ್ರ ಪಾಸ್‌ಪೋರ್ಟ್ ಹೇಳಿದಂತೆ!

ಆದರೆ ನಿಜವಾದ ಬೆರಗು ಇರುವುದು ಗುಡಿಯಿಂದ ಹೊರಬಂದ ಮೇಲೆ.

ತುಂಗಭದ್ರೆ ದಾಟಿ ವಿರೂಪಾಪುರ ಗಡ್ಡೆಗೆ ಹೋದವರು ಕಂಡದ್ದೇನು? ಹೀಬ್ರೂ ಬೋರ್ಡುಗಳು! ಆನೆಗುಂದಿಯ ಭತ್ತದ ಗದ್ದೆಗಳ ಪಕ್ಕದಲ್ಲಿ ಫಲಾಫೆಲ್, ಹಮ್ಮಸ್! ಇಸ್ರೇಲಿನಲ್ಲಿ ಸೇನೆಯ ಸೇವೆ ಕಡ್ಡಾಯ. ಅದು ಮುಗಿದದ್ದೇ ತಡ, ಹುಡುಗ ಹುಡುಗಿಯರು ಬೆನ್ನಿಗೆ ಚೀಲ ಏರಿಸಿ ತಿಂಗಳುಗಟ್ಟಲೆ ಅಲೆಯುತ್ತಾರೆ. ಕೋಣೆ ಅಗ್ಗದ್ದೇ ಬೇಕು, ಚೌಕಾಸಿಯೂ ಜೋರು. ಆದರೆ ಬಂದವರು ಬೇಗ ಹೋಗುವುದಿಲ್ಲವಲ್ಲ! ಹರಿಗೋಲಿನವನಿಗೆ, ಮೊಪೆಡ್ ಬಾಡಿಗೆಯವನಿಗೆ, ಬಟ್ಟೆ ಒಗೆಯುವವರಿಗೆ ದುಡ್ಡು ಚಿಲ್ಲರೆಯಾಗಿ, ದಿನವೂ ಹರಿಯುತ್ತಿತ್ತು. ಸುಪ್ರೀಂ ಕೋರ್ಟ್ ಆದೇಶದ ನಂತರ 2020ರಲ್ಲಿ ಅಲ್ಲಿನ ರೆಸಾರ್ಟುಗಳು ನೆಲಸಮವಾದವು.

ಮೈಸೂರಿನ ಗೋಕುಲಂ ಬಡಾವಣೆಯ ಕಥೆ ಇನ್ನೂ ಸೋಜಿಗ. ಹಾಸನ ಸೀಮೆಯ ಕೌಶಿಕದಲ್ಲಿ ಹುಟ್ಟಿದ ಯೋಗಗುರು ಪಟ್ಟಾಭಿ ಜೋಯಿಸರ ಬಳಿಗೆ 1964ರಲ್ಲಿ ಬೆಲ್ಜಿಯಂನ ಆಂದ್ರೆ ವಾನ್ ಲಿಸೆಬೆತ್ ಯೋಗ ಕಲಿಯಲು ಬಂದ, ಊರಿಗೆ ಮರಳಿ ಅವರ ಬಗ್ಗೆ ಬರೆದ. ಯುರೋಪು ಬಂತು, ಹಿಂದೆಯೇ ಅಮೆರಿಕ! ಇವರು ನೋಡಿಹೋಗುವ ಪ್ರವಾಸಿಗರಲ್ಲ, ಕೋಳಿ ಕೂಗುವ ಮುಂಚೆ ಎದ್ದು ಬೆವರು ಸುರಿಸುವ ಶಿಷ್ಯರು. ತಿಂಗಳ ಲೆಕ್ಕದಲ್ಲಿ ಮನೆ ಹಿಡಿಯುತ್ತಾರೆ, ಸ್ಕೂಟರ್ ಬಾಡಿಗೆಗೆ ಪಡೆಯುತ್ತಾರೆ, ಅಭ್ಯಾಸ ಮುಗಿಸಿ ಎಳನೀರಿಗೆ ಮುಗಿಬೀಳುತ್ತಾರೆ. ಡಾಲರು ನೇರವಾಗಿ ಬಡಾವಣೆಯ ಮನೆಗಳ ಅಡುಗೆಮನೆ ಸೇರಿತು!

ಈಗ ನಮ್ಮ ಕಡೆ ಬನ್ನಿ. ಕಡೂರು ತಾಲ್ಲೂಕಿನ ಹಿರೇನಲ್ಲೂರಿನಲ್ಲಿ ನಿಂತರೆ ಒಂದು ದಿಕ್ಕಿಗೆ ಬೇಲೂರು, ಹಳೇಬೀಡು, ಇನ್ನೊಂದು ದಿಕ್ಕಿಗೆ ತರೀಕೆರೆ ಸೀಮೆಯ ಅಮೃತಾಪುರ. 1196ರ ಅಮೃತೇಶ್ವರ ಗುಡಿ ಯಾವ ಹೊಯ್ಸಳ ಗುಡಿಗೂ ಕಡಿಮೆಯಿಲ್ಲ ಎಂಬುದು ನನ್ನ ಹಟ. ಬೇಲೂರು, ಹಳೇಬೀಡಿಗೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟವೂ ಬಂತು. ಆದರೆ ಗುಂಪಾಗಿ ಬರುವ ಯುರೋಪಿನ ಹಿರಿಯರಿಗೆ ಬಿಡುವು ಅಳತೆಯದು. ಊಟ, ಕೋಣೆ, ಬಸ್ಸು ಎಲ್ಲಕ್ಕೂ ಊರಲ್ಲೇ ಹಣ ಕಟ್ಟಿ ಬಂದಿರುತ್ತಾರೆ. ಗುಡಿಯ ಮುಂದೆ ಉದುರುವುದು ಗೈಡ್ ಕೂಲಿ, ಒಂದೆರಡು ಬೊಂಬೆಯ ಬೆಲೆ. ಶ್ರೀಮಂತ ದೇಶದ ಅತಿಥಿ ಗಂಟೆ ಲೆಕ್ಕದಲ್ಲಿ ಹೊರಟರೆ, ಬಡ ಚೀಲದ ಹುಡುಗ ತಿಂಗಳಿಡೀ ಕೊಟ್ಟು ಹೋಗುತ್ತಾನೆ!

ಇನ್ನೂ ದೊಡ್ಡ ಅಚ್ಚರಿ ಬೇಕೆ? 2019ರಲ್ಲಿ ಭಾರತಕ್ಕೆ ಬಂದ ಸುಮಾರು 1.09 ಕೋಟಿ ವಿದೇಶಿಯರಲ್ಲಿ ಮೊದಲ ಸ್ಥಾನ ಅಮೆರಿಕದ್ದಲ್ಲ. ಅಲ್ಲಿಂದ ಬಂದವರು 15 ಲಕ್ಷ. ಬಾಂಗ್ಲಾದೇಶದಿಂದ 25 ಲಕ್ಷಕ್ಕೂ ಹೆಚ್ಚು! ಅವರಲ್ಲಿ ಎಷ್ಟೋ ಮಂದಿ ಬಂದದ್ದು ಚಿಕಿತ್ಸೆಗೆ. 40 ರೂಪಾಯಿ ಟಿಕೆಟ್ಟಿನ ಸಾಲಿನಲ್ಲಿ ನಿಲ್ಲುವ ಈ ನೆರೆಯವರು ಆಸ್ಪತ್ರೆಯ ಕೌಂಟರಿನಲ್ಲಿ, ಔಷಧಿ ಅಂಗಡಿಯಲ್ಲಿ, ರೋಗಿಯ ಜೊತೆಗಾರರು ತಂಗುವ ಲಾಡ್ಜಿನಲ್ಲಿ ವರ್ಷಗಳ ಉಳಿತಾಯವನ್ನೇ ಎಣಿಸಿಕೊಡುತ್ತಾರೆ.